ಮೂರೂವರೆ ಗಂಟೆಯ ಫೋಟೋ

ನಾನು ಮಾಡುವ ಕ್ಯಾಮೆರಾಕ್ಕೆ ಲೆನ್ಸ್ ಇಲ್ಲ, ಬಟನ್ ಇಲ್ಲ, ಬ್ಯಾಟರಿಯಂತೂ ಮೊದಲೇ ಇಲ್ಲ. ಹಾಲಿನ ಪುಡಿಯ ಖಾಲಿ ಡಬ್ಬಿ ಸಿಕ್ಕರೆ ಸಾಕು. ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಪಕ್ಕದಲ್ಲೊಂದು ಕಿಂಡಿ ಕೊರೆದು, ಆ ಕಿಂಡಿಗೆ ಜ್ಯೂಸ್ ಕ್ಯಾನಿನಿಂದ ಕತ್ತರಿಸಿದ ತೆಳು ತಗಡು ಅಂಟಿಸುತ್ತೇನೆ. ತಗಡಿನ ನಡುವೆ ಹೊಲಿಗೆ ಸೂಜಿಯ ಮೊನೆಯಿಂದ ಒಂದೇ ಒಂದು ತೂತು. ತೂತಿನ ಅಂಚಿನಲ್ಲಿ ಏಳುವ ಒರಟನ್ನು ಉಪ್ಪುಕಾಗದದಿಂದ ತಿಕ್ಕಿ ನಯ ಮಾಡಬೇಕು. ಅಷ್ಟು ಮಾಡುವಷ್ಟರಲ್ಲಿ ಈಗಿನ ಮಕ್ಕಳಿಗೆ ಕೈ ನೋವು ಬಂದಿರುತ್ತದೆ. ತೂತಿನ ಮೇಲೆ ಕಪ್ಪು ಟೇಪಿನ ಒಂದು ತುಂಡು. ಕತ್ತಲಲ್ಲಿ ಡಬ್ಬಿಯೊಳಗೆ ಫೋಟೋ ಕಾಗದ ಕೂರಿಸಿ, ಮುಚ್ಚಳ ಹಾಕಿ, ಬೇಕಾದ ಕಡೆ ಇಟ್ಟು ಆ ಟೇಪು ಎತ್ತಿದರೆ ಆಯಿತು. ಉಳಿದ ಕೆಲಸವನ್ನು ಬೆಳಕು ತನ್ನ ಪಾಡಿಗೆ ತಾನು ಮಾಡಿಕೊಳ್ಳುತ್ತದೆ.

ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ನಾನು ಅಸಿಸ್ಟೆಂಟು. ಪಾಠ ಹೇಳುವವರು ಲೆಕ್ಚರರು, ಪಾಠದ ಸಾಮಾನು ಕೈಕೊಡದಂತೆ ನೋಡಿಕೊಳ್ಳುವವನು ನಾನು. ಯಾರ ಕೆಲಸ ದೊಡ್ಡದು ಅಂತ ನನ್ನನ್ನು ಕೇಳಬೇಡಿ, ನನಗೆ ಬಿಪಿ ಇದೆ. ವರ್ಷಕ್ಕೆ ಎರಡು ವಾರ ಮಾತ್ರ ಈ ಸೂಜಿತೂತಿನ ಕ್ಯಾಮೆರಾದ ಪಾಠ ನನ್ನ ಕೈಗೆ ಬರುತ್ತದೆ. ಅದರಿಂದಾಗಿ ವಿದ್ಯಾರ್ಥಿಗಳು ನನಗೆ ಡಬ್ಬಿ ಮೇಷ್ಟ್ರು ಅಂತ ಹೆಸರಿಟ್ಟಿದ್ದಾರೆ. ಬೆನ್ನ ಹಿಂದೆ ಕರೆಯುತ್ತಾರೆ, ಈಚೀಚೆಗೆ ಎದುರಿಗೂ ಕರೆಯುತ್ತಾರೆ.

ಮೊದಲ ದಿನವೇ ಅವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಮನೆಯೊಳಗಿನ ಬೆಳಕಿಗೆ ಈ ಡಬ್ಬಿ ಗಂಟೆಗಟ್ಟಲೆ ತೆರೆದಿರಬೇಕು, ಹಾಗಾಗಿ ಅಲ್ಲಾಡುವವರು ಚಿತ್ರದಲ್ಲಿ ಮೂಡುವುದಿಲ್ಲ. ಒಬ್ಬ ಮನುಷ್ಯ ಡಬ್ಬಿಯ ಮುಂದೆ ಹತ್ತು ಸಲ ಓಡಾಡಿದರೂ ಅವನ ಗುರುತು ಇರುವುದಿಲ್ಲ, ಅವನ ಹಿಂದಿನ ಗೋಡೆ ಮಾತ್ರ ಇರುತ್ತದೆ. ಇದು ಮೊದಲನೆಯದು. ಕಾಗದ ತುಂಬಿದ ಕೂಡಲೇ ಮುಚ್ಚಳಕ್ಕೆ ಕೆಂಪು ಟೇಪು ಹಚ್ಚಬೇಕು, ಫೋಟೋ ತೆಗೆದ ಕೂಡಲೇ ಆ ಕೆಂಪು ಟೇಪು ಕಿತ್ತು ತಾರೀಖು ಬರೆಯಬೇಕು. ಇದು ಎರಡನೆಯದು. ಕೆಂಪು ಇದ್ದರೆ ಒಳಗೆ ಹೊಸ ಕಾಗದ, ಇಲ್ಲದಿದ್ದರೆ ಇಲ್ಲ. ಈ ಸಣ್ಣ ನಿಯಮ ಮರೆತದ್ದಕ್ಕೆ ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಮುಖ ಮೂತಿ ನೋಡದೆ ಬೈದಿದ್ದೇನೋ ಗೊತ್ತಿಲ್ಲ. ಕೊನೆಗೆ ಮರೆತವನು ನಾನೇ.

ನಾನು ಒಂಟಿ ಜೀವ. ಅಕ್ಕ ಭಾವನ ಮನೆಯ ಮಹಡಿಯಲ್ಲಿ ನನ್ನ ಕೋಣೆ, ಕೆಳಗೆ ಅವರದು. ಊಟ ಮಾತ್ರ ಮೂವರದೂ ಒಟ್ಟಿಗೆ. ಭಾವ ಬಸ್ ಕಂಡಕ್ಟರ್ ಆಗಿದ್ದವರು. ಮೂವತ್ತೆರಡು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಕೆಲಸ ಮಾಡಿ, ರಿಟೈರ್ ಆದ ಮೇಲೆ ನಿಂತ ನೆಲದ ಮೇಲೆ ಹೇಗಿರುವುದೆಂದೇ ಅವರಿಗೆ ಮರೆತುಹೋಗಿತ್ತು. ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಕೂತರೂ ಮೊಣಕಾಲು ಕುಣಿಯುತ್ತಿತ್ತು, ಬೆರಳು ಕೈಹಿಡಿಯ ಮೇಲೆ ತಾಳ ಹಾಕುತ್ತಿತ್ತು, ಎರಡು ನಿಮಿಷಕ್ಕೊಮ್ಮೆ ಎದ್ದು ಬೀದಿ ಇಣುಕುತ್ತಿದ್ದರು. ಕುರ್ಚಿಯ ಕೀಲುಗಳೆಲ್ಲ ಅವರ ಕಾಲಿನ ಕುಣಿತಕ್ಕೇ ಸಡಿಲವಾಗಿ ಕಿರ್ ಕಿರ್ ಅನ್ನುತ್ತಿದ್ದವು. "ಒಂದು ಗಳಿಗೆ ಸುಮ್ನೆ ಕೂತ್ರೆ ಗಂಟೇನು ಹೋಗುತ್ತೆ?" ಅಂತ ಅಕ್ಕ ದಿನಕ್ಕೆ ನಾಲ್ಕು ಸಲ ಗದರುತ್ತಿದ್ದಳು.

ನನಗೂ ಅವರಿಗೂ ಒಂದು ಪಂಥವಿತ್ತು. ಅವರನ್ನು ಡಬ್ಬಿಯಲ್ಲಿ ಹಿಡಿಯುತ್ತೇನೆ ಅಂತ ನಾನು, ಸಾಧ್ಯವಿಲ್ಲ ಅಂತ ಅವರು. ವಾರಕ್ಕೊಮ್ಮೆ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಕಪಾಟಿನ ಮೇಲೆ ಡಬ್ಬಿಯಿಟ್ಟು, ಅವರ ಕಡೆಗೆ ತಿರುಗಿಸಿ, ಟೇಪು ಎತ್ತಿ ಹೋಗುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಮುಚ್ಚುತ್ತಿದ್ದೆ. ಹೀಗೆ ಹನ್ನೊಂದು ಫೋಟೋ ತೆಗೆದೆ. ಹನ್ನೊಂದರಲ್ಲೂ ಖಾಲಿ ಕುರ್ಚಿ. "ನಾನು ನಿನ್ ಕೈಗೆ ಸಿಗೋ ಆಸಾಮಿ ಅಲ್ಲ ಕಣಯ್ಯಾ," ಅಂತ ಭಾವ ಆ ಖಾಲಿ ಕುರ್ಚಿಗಳನ್ನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು.

ಅವರು ಹೋದದ್ದು ಅದೇ ಕುರ್ಚಿಯಲ್ಲಿ. ಮಧ್ಯಾಹ್ನ ಹನ್ನೆರಡು ಮುಕ್ಕಾಲಿಗೆ ಪಕ್ಕದ ಮನೆಯಾಕೆ ಕಾಲೇಜಿಗೆ ಫೋನ್ ಮಾಡಿದಳು. ಬಂದು ನೋಡಿದರೆ ಬಾಗಿಲ ತುಂಬ ಚಪ್ಪಲಿ. ಡಾಕ್ಟರು ನಾಡಿ ನೋಡಿ, "ಕೊನೇ ಸಲ ಮಾತಾಡಿದ್ದು ಯಾವಾಗಮ್ಮಾ?" ಅಂತ ಅಕ್ಕನನ್ನು ಕೇಳಿದರು. ಹನ್ನೊಂದು ಗಂಟೆಗೆ ಅಂದಳು. ನೀರು ಕೇಳಿದರು, ತಂದುಕೊಟ್ಟೆ, ಹನ್ನೆರಡೂವರೆಗೆ ಊಟಕ್ಕೆ ಕರೆದರೆ ಏಳಲಿಲ್ಲ ಅಂದಳು. ಡಾಕ್ಟರು ಹಾರ್ಟು ಅಂತ ಬರೆದುಕೊಟ್ಟು ಹೋದರು. ನಾನು ಭಾವನ ಕೈ ಹಿಡಿದೆ. ತಣ್ಣಗಿತ್ತು. ಸತ್ತವರ ಕೈ ತಣ್ಣಗಿರುತ್ತದೆ, ಅದರಲ್ಲಿ ಯೋಚಿಸುವುದು ಏನಿದೆ ಅಂದುಕೊಂಡೆ.

ಬಂದವರಿಗೆಲ್ಲ ಅಕ್ಕ ಅದೇ ಮಾತು ಹೇಳಿದಳು. ಹನ್ನೊಂದು ಗಂಟೆ, ನೀರು, ಗಾಜಿನ ಲೋಟ, ಅರ್ಧ ಕುಡಿದದ್ದು. ಒಂದು ಅಕ್ಷರ ಆಚೀಚೆ ಆಗುತ್ತಿರಲಿಲ್ಲ. ಕೊನೇ ಗಳಿಗೆಯಲ್ಲಿ ತಾನು ಪಕ್ಕದಲ್ಲಿದ್ದೆ, ತನ್ನ ಕೈಯ ನೀರು ಕುಡಿದು ಹೋದರು ಎಂಬ ಒಂದೇ ಸಮಾಧಾನವನ್ನು ಹಿಡಿದುಕೊಂಡು ಅವಳು ದಿನ ತಳ್ಳುತ್ತಿದ್ದಾಳೆ ಅಂತ ನನಗೆ ಅನಿಸಿತ್ತು. ಅದನ್ನು ಯಾರೂ ಮುಟ್ಟಬಾರದು ಅಂತಲೂ ಅನಿಸಿತ್ತು.

ಎಂಟು ತಿಂಗಳು ಕಳೆದವು. ಒಂದು ಬೆಳಿಗ್ಗೆ ಅಕ್ಕ ತಟ್ಟೆ ಮುಂದಿಡುತ್ತಾ, "ಕುರ್ಚಿ ಸದ್ದು ಮಾಡುತ್ತೆ ಕಣೋ," ಅಂದಳು.

"ಹಳೇ ಮರ. ಬಿಸಿಲು ಬಿದ್ರೆ ಹಿಗ್ಗುತ್ತೆ, ನೆರಳಾದ್ರೆ ಕುಗ್ಗುತ್ತೆ."

"ಮರ ಹಿಗ್ಗೋ ಸದ್ದು ನಂಗೊತ್ತಿಲ್ವಾ? ಕಾಲು ಕುಣಿಸೋ ಸದ್ದದು."

ಅಕ್ಕನಿಗೆ ತಲೆ ಕೆಡುತ್ತಿದೆಯೇನೋ ಅಂತ ಹೆದರಿ ಸ್ಕ್ರೂಡ್ರೈವರ್ ತಂದು ಕುರ್ಚಿಯ ಎಲ್ಲ ಕೀಲು ಬಿಗಿ ಮಾಡಿದೆ. ಮಾರನೇ ದಿನ ರಜೆ. ಮಧ್ಯಾಹ್ನ ನಾನು ಊಟ ಮಾಡುತ್ತಿದ್ದೆ, ಅಕ್ಕ ಎದುರಿಗೆ ಕೂತು ಬಡಿಸುತ್ತಿದ್ದಳು. ಮುಂದಿನ ಕೋಣೆಯಿಂದ ಕಿರ್ ಕಿರ್ ಅಂತ ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅನ್ನ ಕಲಸುತ್ತಾ ಕೂತೆ, ಎದ್ದು ಹೋಗಿ ನೋಡಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ಒಂದು ಫೋಟೋ ತೆಗಿ," ಅಂದಳು ಅಕ್ಕ. "ಆ ಕುರ್ಚೀದು. ನಿನ್ ಡಬ್ಬೀಲಿ."

"ಏನ್ ಸಿಗುತ್ತೆ ಅದ್ರಲ್ಲಿ?"

"ಏನಿರುತ್ತೋ ಅದೇ ಸಿಗುತ್ತೆ. ತೆಗಿ ಅಂದ್ರೆ ತೆಗಿ."

ಖಾಲಿ ಕುರ್ಚಿ ಖಾಲಿ ಅಂತ ತೋರಿಸಿಬಿಟ್ಟರೆ ಇವಳ ಭ್ರಮೆ ಬಿಟ್ಟೀತು, ನನ್ನದೂ ಬಿಟ್ಟೀತು ಅಂತ ಒಪ್ಪಿದೆ. ಡಬ್ಬಿ ತರಲು ಮಹಡಿಗೆ ಹೊರಟರೆ ಅಕ್ಕ ತಡೆದು, ಒಳಗಿನಿಂದ ತಾನೇ ಒಂದು ಡಬ್ಬಿ ತಂದು ಕೊಟ್ಟಳು. "ಇದು ಅಟ್ಟದ ಮೇಲಿತ್ತು. ನಿಂದೇ ಅಲ್ವಾ, ಇದ್ರಲ್ಲೇ ತೆಗಿ." ನನ್ನದೇ. ಮುಚ್ಚಳದ ಮೇಲೆ ನನ್ನದೇ ಕೆಂಪು ಟೇಪು. ಒಳಗೆ ಹೊಸ ಕಾಗದ ಇದೆ ಅಂತಾಯಿತು; ತುಂಬಿ ಬಹಳ ದಿನವಾಗಿದ್ದರೂ ಪರವಾಗಿಲ್ಲ. ಕಪಾಟಿನ ಮೇಲಿಟ್ಟು, ಅಕ್ಕನನ್ನು ಅಡುಗೆಮನೆಗೆ ಕಳಿಸಿ, ಎರಡು ಗಂಟೆ ತೆರೆದಿಟ್ಟು ಮುಚ್ಚಿದೆ.

ಕಾಲೇಜಿನಲ್ಲಿ ಲ್ಯಾಬಿನ ಹಿಂದಿನ ಸ್ಟೋರ್ ರೂಮೇ ನಮ್ಮ ಕತ್ತಲ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಮೇಲೊಂದು ಕೆಂಪು ಬಲ್ಬು, ಮೇಜಿನ ಮೇಲೆ ಫೋಟೋ ತೊಳೆಯುವ ರಾಸಾಯನಿಕದ ಮೂರು ಟ್ರೇ. ಸೋಮವಾರ ಬೆಳಿಗ್ಗೆ ತರಗತಿ ಶುರುವಾಗುವ ಮುಂಚೆ ಬಾಗಿಲು ಹಾಕಿಕೊಂಡು ಕಾಗದವನ್ನು ಮೊದಲ ಟ್ರೇಗೆ ಬಿಟ್ಟೆ. ಕಾಗದದ ಮೇಲೆ ಮೊದಲು ಬರುವುದು ಉಲ್ಟಾ ಚಿತ್ರ, ಬೆಳ್ಳಗಿದ್ದದ್ದು ಕಪ್ಪು, ಕಪ್ಪಗಿದ್ದದ್ದು ಬಿಳಿ. ಕಿಟಕಿ ಕಪ್ಪಗೆ ಎದ್ದುಬಂತು. ಅದರ ಪಕ್ಕದಲ್ಲಿ ಅಂಗಿಯ ಆಕಾರದ ಒಂದು ಕಪ್ಪು ಎದ್ದಿತು. ಅದರ ಮೇಲೆ ಇನ್ನೊಂದು, ದುಂಡಗೆ. ಟ್ರೇ ಅಲುಗಿಸುತ್ತಿದ್ದ ನನ್ನ ಕೈ ನಿಂತಿತು. ಬೆನ್ನಿನ ಹಿಂದೆ ಆ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸಿ, ತಿರುಗಿ ನೋಡುವುದಕ್ಕೂ ಆಗದೆ, ಮೂರನೇ ಟ್ರೇವರೆಗೆ ಹೇಗೆ ಮುಗಿಸಿದೆನೋ ಕಾಣೆ.

ಅದನ್ನು ಇನ್ನೊಂದು ಫೋಟೋ ಕಾಗದದ ಮೇಲೆ ಗಾಜಿನಡಿ ಒತ್ತಿ, ಬೆಳಕು ಬಿಟ್ಟು ತೊಳೆದು, ಉಲ್ಟಾ ಚಿತ್ರವನ್ನು ನೆಟ್ಟಗೆ ಮಾಡಿದೆ. ಕುರ್ಚಿಯಲ್ಲಿ ಭಾವ ಕೂತಿದ್ದರು. ಬಿಳಿ ಅಂಗಿ. ಗುಂಡಿಗಳನ್ನು ಎಣಿಸಬಹುದಿತ್ತು.

ಹತ್ತು ನಿಮಿಷ ಸ್ಟೂಲಿನ ಮೇಲೆ ಕೂತೆ. ಆಮೇಲೆ ಇಪ್ಪತ್ತಾರು ವರ್ಷದ ಕಸುಬು ನೆರವಿಗೆ ಬಂತು. ಕಿಟಕಿಯ ಚೌಕಟ್ಟು ನೋಡಿದೆ. ಎರಡು ಚೌಕಟ್ಟು ಇದ್ದವು, ಒಂದರ ಪಕ್ಕ ಇನ್ನೊಂದು, ಕೂದಲೆಳೆಯಷ್ಟು ಜಾರಿಕೊಂಡು. ಕುರ್ಚಿಯ ಬೆನ್ನೂ ಎರಡು. ಒಂದೇ ಕಾಗದದ ಮೇಲೆ ಎರಡು ಸಲ ಬೆಳಕು ಬಿದ್ದಿದೆ. ಅಂದರೆ ಅಕ್ಕ ಕೊಟ್ಟ ಡಬ್ಬಿಯಲ್ಲಿ ಇದ್ದದ್ದು ಹೊಸ ಕಾಗದವಲ್ಲ, ಮೊದಲೇ ಫೋಟೋ ತೆಗೆದು ತೊಳೆಯದೆ ಬಿಟ್ಟ ಕಾಗದ. ಕೆಂಪು ಟೇಪು ಕಿತ್ತಿರಲಿಲ್ಲ ಅಷ್ಟೆ.

ಯಾವಾಗ ತೆಗೆದದ್ದು ಅಂತ ನೆನಪಾಗಲು ಹೊತ್ತು ಹಿಡಿಯಲಿಲ್ಲ. ಭಾವ ಹೋದ ದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಹನ್ನೆರಡನೇ ಡಬ್ಬಿ ಇಟ್ಟಿದ್ದೆ. ಆ ಗಲಾಟೆಯಲ್ಲಿ ಅದು ಯಾರಿಗೆ ಬೇಕು? ಎಷ್ಟೋ ದಿನದ ಮೇಲೆ ಹುಡುಕಿದ್ದೆ, ಸಿಗಲಿಲ್ಲ, ಬಂದವರ ಮಕ್ಕಳು ಯಾರೋ ಬಿಸಾಕಿರಬೇಕು ಅಂತ ಬಿಟ್ಟಿದ್ದೆ. ಜನ ಸೇರುವ ಹೊತ್ತಿಗೆ ಯಾರೋ ತೂತು ಮುಚ್ಚಿ ಅಟ್ಟಕ್ಕೆ ಹಾಕಿದ್ದಾರೆ. ಒಂಬತ್ತರಿಂದ ಹನ್ನೆರಡೂವರೆ, ಮೂರೂವರೆ ಗಂಟೆಯ ಫೋಟೋ. ದೆವ್ವವೂ ಅಲ್ಲ, ಗಿವ್ವವೂ ಅಲ್ಲ. ಜೋರಾಗಿ ನಕ್ಕೆ. ಅಂತೂ ಭಾವನನ್ನು ಹಿಡಿದೆನಲ್ಲ ಅಂತ ಖುಷಿಯೂ ಆಯಿತು, ಕಣ್ಣಲ್ಲಿ ನೀರೂ ಬಂತು.

ಸಂಜೆ ಅಕ್ಕನಿಗೆ ಫೋಟೋ ಕೊಟ್ಟು, ಟೇಪಿನ ಕತೆ, ಎರಡು ಕಿಟಕಿಯ ಕತೆ ಎಲ್ಲ ಬಿಡಿಸಿ ಹೇಳಿದೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, ಭಾವನ ಮುಖ ನೋಡಿ, ಆಮೇಲೆ ಕೆಳಗಡೆ ನೆಲದ ಭಾಗವನ್ನೇ ತುಂಬ ಹೊತ್ತು ನೋಡಿದಳು.

"ಇಷ್ಟೇನಾ? ಇಲ್ಲಿ ಕೆಳಗೆ ಸ್ವಲ್ಪ ಮಬ್ಬಾಗಿದೆಯಲ್ಲ."

"ನೆಲಕ್ಕೆ ಬೆಳಕು ಕಮ್ಮಿ ಕಣೇ. ಭಾವ ಬಂದಿದ್ದಾರೆ ಅಂದ್ರೆ ನೆಲ ನೋಡ್ತಾ ಕೂತಿದ್ದೀಯಲ್ಲ!"

"ಸರಿ ಬಿಡು," ಅಂತ ಫೋಟೋವನ್ನು ಒಳಗೆ ತೆಗೆದುಕೊಂಡು ಹೋದಳು. ಆ ದಿನದಿಂದ ಕುರ್ಚಿಯ ಸದ್ದಿನ ಸುದ್ದಿಯನ್ನು ಅವಳು ಎತ್ತಲಿಲ್ಲ. ಸದ್ದು ಮಾತ್ರ ನಿಂತಿರಲಿಲ್ಲ.

ಆ ವಾರವೇ ನನ್ನ ಎರಡು ವಾರದ ಪಾಠ ಶುರುವಾಯಿತು. ಕೆಂಪು ಟೇಪಿನ ನಿಯಮ ಹೇಳುವಾಗ ನನ್ನ ತಪ್ಪನ್ನೇ ಉದಾಹರಣೆ ಕೊಟ್ಟರೆ ಮಕ್ಕಳಿಗೆ ನೆನಪಿರುತ್ತದೆ ಅಂತ ಭಾವನ ಫೋಟೋದ ಇನ್ನೊಂದು ಪ್ರತಿ ಮಾಡಿ ತಂದಿದ್ದೆ. ಎರಡು ಕಿಟಕಿ ತೋರಿಸಿದೆ, ಎರಡು ಕುರ್ಚಿ ತೋರಿಸಿದೆ. ಇದು ನಮ್ಮ ಭಾವ, ಇವರನ್ನು ಹಿಡಿಯಲು ಹನ್ನೆರಡು ಡಬ್ಬಿ ಬೇಕಾಯಿತು ಅಂದೆ. ಎಲ್ಲರೂ ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಫೋಟೋ ಕೈಗೆ ಬಂದಾಗ ನಗಲಿಲ್ಲ.

"ಸರ್, ಎಷ್ಟೊತ್ತಿನ ಫೋಟೋ ಇದು?"

"ಮೂರೂವರೆ ಗಂಟೆ."

"ಗುಂಡಿ ಎಲ್ಲ ಕಾಣ್ತಿದೆ. ಉಸಿರಾಡಿದ್ರೂ ಇಷ್ಟು ಶಾರ್ಪ್ ಬರಲ್ಲ ಅಲ್ವಾ, ಸರ್?"

ಜಾಣೆ ಅಂತ ಹೇಳಬೇಕಿತ್ತು. ಫೋಟೋ ಇಸಿದುಕೊಂಡು, ಇವತ್ತಿಗೆ ಇಷ್ಟು ಸಾಕು ಅಂದೆ.

ಹನ್ನೊಂದು ಡಬ್ಬಿಗೆ ಸಿಗದ ಮನುಷ್ಯ ಹನ್ನೆರಡನೆಯದಕ್ಕೆ ಗುಂಡಿಗಳ ಸಮೇತ ಸಿಕ್ಕಿದ್ದು ಹೇಗೆ ಅಂತ ನಾನು ಕೇಳಿಕೊಂಡಿರಲೇ ಇಲ್ಲ. ಎರಡು ನಿಮಿಷ ಕೂರಲಾರದವರು ಮೂರೂವರೆ ಗಂಟೆ ಮೊಣಕಾಲು ಸಹ ಅಲುಗಿಸದೆ ಕೂತಿದ್ದರು. ಹನ್ನೊಂದಕ್ಕೆ ಕೈ ಚಾಚಿ ನೀರು ಕುಡಿದಿದ್ದರೆ ಆ ಕೈ ಮಸುಕಾಗಬೇಕಿತ್ತು. ಕೈ ಕಲ್ಲಿನಂತೆ ಕುರ್ಚಿಯ ಮೇಲಿತ್ತು. ನಾನು ಟೇಪು ಎತ್ತುವ ಹೊತ್ತಿಗೇ ಅವರು ಇರಲಿಲ್ಲ.

ಆ ಬೆಳಿಗ್ಗೆ ಈಗ ಪೂರ್ತಿಯಾಗಿ ನೆನಪಾಯಿತು. ಭಾವನ ತೊಡೆಯ ಮೇಲೆ ಪೇಪರ್ ಇತ್ತು, ಕಣ್ಣು ಮುಚ್ಚಿತ್ತು. "ಭಾವ, ಇವತ್ತು ಅಲ್ಲಾಡಿದ್ರೆ ನನ್ನಾಣೆ!" ಅಂದಿದ್ದೆ. ಅವರು ಉತ್ತರ ಕೊಡಲಿಲ್ಲ. ನಿದ್ದೆಯ ನಾಟಕ ಆಡುತ್ತಿದ್ದಾರೆ, ಇವತ್ತು ಪಂಥಕ್ಕೆ ಬಿದ್ದಿದ್ದಾರೆ ಅಂದುಕೊಂಡು, "ಭೇಷ್, ಹೀಗೇ ಇರಿ," ಅಂತ ನಗುತ್ತಾ ಟೇಪು ಎತ್ತಿದೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. "ಹೊತ್ತಾಯ್ತು, ಹೊರಡು," ಅಂದಳು. ಹೊರಟೆ. ಹತ್ತಿರ ಹೋಗಿ ಒಂದು ಸಲ ಭುಜ ಮುಟ್ಟಿದ್ದರೆ ತಿಳಿಯುತ್ತಿತ್ತು. ಆಗಷ್ಟೇ ಹೋಗಿದ್ದರೋ, ಹೋಗುತ್ತಿದ್ದರೋ, ಡಾಕ್ಟರನ್ನು ಕರೆದಿದ್ದರೆ ಉಳಿಯುತ್ತಿದ್ದರೋ. ನಾನು ಫೋಟೋ ಕೆಡದಿರಲಿ ಅಂತ ದೂರ ನಿಂತಿದ್ದೆ.

ಲ್ಯಾಬು ಖಾಲಿಯಾದ ಮೇಲೆ ಫೋಟೋವನ್ನು ಭೂತಗನ್ನಡಿಯ ಕೆಳಗೆ ಇಟ್ಟೆ. ಇನ್ನೇನು ಇದೆಯೋ ಎಲ್ಲ ನೋಡಿಬಿಡೋಣ ಅನ್ನುವ ಹಟ. ಕಿಟಕಿಯ ಅಂಚಿನಲ್ಲಿ ಗಾಜಿನ ಲೋಟ ಇತ್ತು. ಅದು ತೆಳ್ಳಗೆ ಮೂಡಿತ್ತು, ಅಂದರೆ ಕೊನೆಯ ಒಂದು ಒಂದೂವರೆ ಗಂಟೆ ಮಾತ್ರ ಅಲ್ಲಿತ್ತು. ಲೋಟದೊಳಗೆ ನೀರಿನ ಗೆರೆ ಎರಡು. ಒಂದು ಕಂಠದ ಹತ್ತಿರ, ಒಂದು ನಡುವಿನಲ್ಲಿ. ಯಾರೋ ಅರ್ಧ ಕುಡಿದಿದ್ದರು.

ಕೆಳಗೆ, ಅಕ್ಕ ಮಬ್ಬಾಗಿದೆ ಅಂದಿದ್ದ ನೆಲದ ಭಾಗ ನೋಡಿದೆ. ಅದು ನೆಲದ ಕತ್ತಲಲ್ಲ. ಹಬೆಯಷ್ಟು ತೆಳುವಾಗಿ ಒಂದು ಬೆನ್ನು, ಒಂದು ಹೆಗಲು. ಭಾವನ ಮೊಣಕಾಲಿಗೆ ಒರಗಿದ ಒಂದು ತಲೆ. ಹಿಂದಿನ ಗೋಡೆಯ ಗೆರೆ ಆ ತಲೆಯ ಮೂಲಕ ಹಾದುಹೋಗುತ್ತಿತ್ತು. ಅಷ್ಟಾದರೂ ಮೂಡಬೇಕಾದರೆ ಆ ವ್ಯಕ್ತಿ ಎರಡು ಗಂಟೆಗೆ ಕಡಿಮೆಯಿಲ್ಲದಂತೆ ಅಲ್ಲಿ ಮಿಸುಕದೆ ಕೂತಿರಬೇಕು. ತುರುಬು ನೋಡಿ ಗುರುತು ಹಿಡಿದೆ.

ಅಕ್ಕನಿಗೆ ಗೊತ್ತಿತ್ತು. ಸತ್ತ ಗಂಡನ ಕಾಲಿಗೆ ತಲೆಯಿಟ್ಟು ಎರಡು ಗಂಟೆ ಕೂತು, ಆಮೇಲೆ ಎದ್ದು ಜನರನ್ನು ಕರೆದಿದ್ದಳು. ಹನ್ನೊಂದು ಗಂಟೆಯ ಮಾತು, ಅವಳ ಸಮಾಧಾನ ಅಂತ ನಾನು ಕಾಪಾಡುತ್ತಿದ್ದ ಮಾತು, ಯಾರಿಗಾಗಿ ಕಟ್ಟಿದ್ದು?

ಮನೆಗೆ ಹೋದಾಗ ಅಕ್ಕ ಕಿಟಕಿಯ ಹತ್ತಿರ ನೆಲದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಕುರ್ಚಿ ಪಕ್ಕದಲ್ಲೇ ಇತ್ತು. ಬಿಸಿಲು ಇನ್ನೂ ಇತ್ತು. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಫೋಟೋವನ್ನು ಅವಳ ಮುಂದಿಟ್ಟೆ.

"ಕೆಳಗೆ ಇರೋದು ನೀನು."

ಅವಳು ಬಟ್ಟೆ ಪಕ್ಕಕ್ಕಿಟ್ಟು ನೋಡಿದಳು. ಅವಳ ಮುಖದಲ್ಲಿ ಬಂದದ್ದು ಭಯವಲ್ಲ, ಸಂತೋಷ. "ಬಂದಿದ್ದೀನಾ? ಎಲ್ಲಿ, ಸರಿಯಾಗಿ ತೋರ್ಸು. ನಂಗೆ ಬರೀ ಮಬ್ಬು ಕಾಣ್ತಿತ್ತು."

"ಅಕ್ಕಾ, ಅವರು ಹೋಗಿದ್ರು ಆಗ!"

"ಹೂಂ ಕಣೋ."

"ಮತ್ತೆ ಯಾರನ್ನೂ ಯಾಕೆ ಕರೀಲಿಲ್ಲ?"

"ಕರೆದಿದ್ರೆ ಏನಾಗ್ತಿತ್ತು? ಜನ ಬರ್ತಿದ್ರು, ಎತ್ಕೊಂಡು ಹೋಗ್ತಿದ್ರು." ಅವಳು ಬೆರಳಿನಿಂದ ಆ ಹಬೆಯಂಥ ತಲೆಯ ಸುತ್ತ ಗೀರಿದಳು. "ಡಬ್ಬಿ ತೆರೆದಿತ್ತಲ್ಲೋ. ನಮ್ಮಿಬ್ರದ್ದೂ ಒಟ್ಟಿಗಿರೋ ಒಂದು ನೆಟ್ಟಗಿನ ಫೋಟೋ ಇರ್ಲಿಲ್ಲ. ಎಲ್ಲದ್ರಲ್ಲೂ ಅವರು ಎಲ್ಲೋ ಓಡ್ತಿರೋರು. ಅವತ್ತು ಸುಮ್ನೆ ಕೂತಿದ್ರು. ನಾನೂ ಕೂತೆ. ನೀನೇ ಹೇಳ್ತಿದ್ಯಲ್ಲ, ಅಲ್ಲಾಡಬಾರದು ಅಂತ."

ಎಂಟು ತಿಂಗಳು ಆ ಡಬ್ಬಿಯನ್ನು ಅಟ್ಟದಲ್ಲಿ ಬಚ್ಚಿಟ್ಟವಳು ಅವಳೇ. ತೂತು ಮುಚ್ಚಿದವಳೂ ಅವಳೇ. ತೊಳೆದುಕೊಡು ಅಂತ ಕೇಳಿದರೆ ನಾನು ದಿನ, ಹೊತ್ತು ಎಲ್ಲ ಕೇಳುತ್ತೇನೆ, ಕೇಳಿದರೆ ಗುಟ್ಟು ಹೊರಬೀಳುತ್ತದೆ. ಕೊನೆಗೆ ತಡೆಯಲಾರದೆ ಕುರ್ಚಿಯ ಫೋಟೋ ತೆಗಿ ಅಂತ ನೆವ ಹೂಡಿ ನನ್ನ ಕೈಗೆ ಕೊಟ್ಟಿದ್ದಳು.

"ಹಾಗಾದ್ರೆ ಕುರ್ಚಿ ಸದ್ದೂ ನೆವಾನಾ?"

"ನೀನೂ ಕೇಳಿದ್ಯಲ್ಲ," ಅಂದಳು ಅಕ್ಕ. "ನೀರು ಕೇಳಿದ್ದೂ ಸುಳ್ಳಲ್ಲ. ಹನ್ನೊಂದು ಗಂಟೆಗೆ ನನ್ ತಲೆ ಅವರ ಮೊಣಕಾಲ ಮೇಲೇ ಇತ್ತು. ನೀರು ಕೊಡೇ ಅಂದ್ರು. ಎದ್ದು ತಂದು ಕಿಟಕೀಲಿಟ್ಟೆ. ಅದಕ್ಕೆ ಮಾತ್ರ ನಾನು ಅಲ್ಲಾಡಿದ್ದು. ಆಮೇಲೆ ನೋಡಿದ್ರೆ ಅರ್ಧ ಇತ್ತು."

"ನೀನು ಕುಡಿದಿರ್ತೀಯ."

"ನನ್ ಗಂಟಲಲ್ಲಿ ಅವತ್ತು ನೀರು ಇಳೀತಿತ್ತಾ?"

ಆದರೆ ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ನೀರಿನ ಚಿಂತೆ ಇರಲಿಲ್ಲ. ಮಧ್ಯಾಹ್ನದಿಂದ ಎದೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಅವಳ ಎದುರು ನೆಲದ ಮೇಲೆ ಕುಸಿದು ಕೂತೆ.

"ಅಕ್ಕಾ, ನಾನು ಬಂದಾಗ ಅವರಿಗೆ ಜೀವ ಇತ್ತೇನೋ. ಒಂದು ಸಲ ಮುಟ್ಟಿ ನೋಡ್ಲಿಲ್ಲ ನಾನು. ಆಣೆ ಹಾಕಿ ಆಟ ಆಡ್ತಾ ಇದ್ದೆ. ಮುಟ್ಟಿದ್ರೆ ಉಳೀತಿದ್ರೇನೋ." ಐವತ್ತು ದಾಟಿದ ನಾನು ಮಗುವಿನಂತೆ ಅತ್ತೆ.

ಅಕ್ಕ ನನ್ನ ತಲೆ ಹಿಡಿದುಕೊಂಡಳು. "ಇದಕ್ಕೇ ಕಣೋ ಹನ್ನೊಂದು ಗಂಟೆವರೆಗೂ ಇದ್ರು ಅಂದಿದ್ದು ನಾನು. ನೀನು ಹೀಗೆ ಅಳ್ತೀಯ ಅಂತಲೇ." ಸೆರಗಿನಿಂದ ನನ್ನ ಮುಖ ಒರೆಸಿ ಹೇಳಿದಳು. "ನೀನು ಬರೋ ಮುಂಚೇನೇ ಹೋಗಿದ್ರು. ಎಂಟೂವರೆಗೆ ನಾನು ನೋಡಿದ್ದೆ. ಮುಟ್ಟಿ ನೋಡಿದ್ದೆ. ಬಾಯಿ ಬಿಟ್ಟು ಕೂಗಬೇಕು ಅನ್ನೋಷ್ಟರಲ್ಲಿ ನೀನು ಡಬ್ಬಿ ಹಿಡ್ಕೊಂಡು ಮೆಟ್ಟಿಲು ಇಳಿದು ಬಂದೆ. ಅವರ ಜೊತೆ ಮಾತಾಡ್ದೆ, ನಕ್ಕೆ. ನೀನು ಮಾತಾಡಿಸ್ತಾ ಇರೋವರೆಗೂ ಅವರು ಇದ್ದಾರೆ ಅನ್ನಿಸ್ತು. ನಿಲ್ಲಿಸು ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ."

"ನಿಜವಾಗ್ಲೂ ಎಂಟೂವರೆಗೇ?"

"ನಿಜವಾಗ್ಲೂ."

ನಾನು ಅವಳ ಮುಖ ನೋಡಿದೆ. ಎಂಟು ತಿಂಗಳು ಇದೇ ಮುಖದಿಂದ, ಒಂದು ಅಕ್ಷರ ಆಚೀಚೆಯಾಗದಂತೆ, ಅವಳು ಊರಿಗೆಲ್ಲ ಇನ್ನೊಂದು ಮಾತು ಹೇಳಿದ್ದಳು. ಅದೂ ನನಗಾಗಿಯೇ. ಇದು ನಿಜವೋ, ನನ್ನನ್ನು ಬದುಕಿಸಲು ಕಟ್ಟಿದ ಎರಡನೇ ಮಾತೋ? ಕೈ ತಾನಾಗಿ ಫೋಟೋದ ಕಡೆ ಹೋಯಿತು. ಅಲ್ಲಿ ಉತ್ತರ ಇರಲು ಸಾಧ್ಯವಿಲ್ಲ. ನಾನು ಟೇಪು ಎತ್ತಿದ್ದು ಒಂಬತ್ತಕ್ಕೆ. ಅದಕ್ಕಿಂತ ಒಂದು ನಿಮಿಷ ಮುಂಚಿನದೂ ಆ ಕಾಗದಕ್ಕೆ ಗೊತ್ತಿಲ್ಲ. ಅದನ್ನು ನೋಡಿದವಳು ಅಕ್ಕ ಒಬ್ಬಳೇ.

"ಸರಿ," ಅಂದೆ. "ಎಂಟೂವರೆಗೆ."

ಅಕ್ಕ ತಲೆಯಾಡಿಸಿ, ಮತ್ತೆ ಬಟ್ಟೆ ಮಡಿಸಲು ಕೂತಳು. ನಾನೂ ಒಂದು ಟವೆಲ್ ಎಳೆದುಕೊಂಡು ಮಡಿಸಿದೆ.